ಮಡಿಕೆಯೊಳಗಿನ ಬಾಣಂತಿ

ಅಂಗಡಿಯವನು ಲವ್ ಬರ್ಡ್ಸ್ ಅಂತ ಕೊಟ್ಟದ್ದು ಆಸ್ಟ್ರೇಲಿಯಾ ಮೂಲದ ಬಡ್ಜಿ ಹಕ್ಕಿಗಳನ್ನು. ಆಫ್ರಿಕಾ ಮೂಲದ ಅಸಲಿ ಲವ್ ಬರ್ಡ್ಸ್ ಬೆಲೆ ಕೇಳಿದ ಮೇಲೆ ನಮಗೂ ಆ ಬಗ್ಗೆ ತಕರಾರು ಇರಲಿಲ್ಲ. ಕೊಕ್ಕಿನ ಮೇಲೆ, ಮೂಗಿನ ಹತ್ತಿರ ನೀಲಿಯಿದ್ದರೆ ಗಂಡು, ಕಂದು ಇದ್ದರೆ ಹೆಣ್ಣು. ಅಷ್ಟು ನೋಡಿ ಜೋಡಿ ತಂದೆವು. ಬಾಲ್ಕನಿಯ ಪಂಜರದಲ್ಲಿ ಒಂದು ಮಣ್ಣಿನ ಮಡಿಕೆ ಕಟ್ಟಿದೆವು. ಸಂಸಾರ ಶುರುವಾಯಿತು.

ಬಡಗಿಯ ಹತ್ತಿರ ಬೇಡಿ ತಂದ ಮರದ ಹೊಟ್ಟನ್ನು ಮಡಿಕೆಗೆ ಹಾಕಿದ್ದೆ. ಹೆಣ್ಣು ಮೊದಲು ಮಾಡಿದ ಕೆಲಸ, ಅದನ್ನೆಲ್ಲ ಕೊಕ್ಕಿನಿಂದ ಹೊರಗೆಸೆದದ್ದು. ಅರ್ಧ ಹೊಟ್ಟು ಕೆಳಗಿನ ಮನೆಯವರ ಹಪ್ಪಳದ ಮೇಲೆ ಬಿತ್ತು. "ನಿಮ್ಮನೇಲಿ ಮರಗೆಲಸ ನಡೀತಿದ್ಯಾ?" ಎಂದು ಆಂಟಿ ಕೇಳಿದರು.

ಮೊದಲ ಮೊಟ್ಟೆ ಕಂಡ ದಿನವೇ ಅಮ್ಮ ಅಧಿಕಾರ ವಹಿಸಿಕೊಂಡರು. "ಬಾಣಂತಿ ಇದಾಳೆ, ಮಿಕ್ಸಿ ಹಾಕಬೇಡಿ." ಬಡ್ಜಿ ದಿನ ಬಿಟ್ಟು ದಿನ ಮೊಟ್ಟೆ ಇಡುತ್ತದೆ, ಸಾಮಾನ್ಯವಾಗಿ ನಾಲ್ಕರಿಂದ ಆರು. ಒಂದೊಂದಕ್ಕೂ ಸುಮಾರು 18 ದಿನ ಕಾವು. ಅಷ್ಟೂ ದಿನ ನಮ್ಮ ದೋಸೆಗೆ ಚಟ್ನಿಪುಡಿಯೇ ಗತಿ.

ಕಾವಿಗೆ ಕೂರುವುದು ಹೆಣ್ಣು ಮಾತ್ರ. ಗಂಡು ನವಣೆ ತಿಂದು, ಅದನ್ನೇ ಕಕ್ಕಿ ಹೆಂಡತಿಗೆ ಉಣಿಸುತ್ತದೆ. "ನೋಡಿ ಕಲೀರಿ," ಎಂದಳು ನನ್ನವಳು. ಕಕ್ಕುವುದನ್ನೋ ಉಣಿಸುವುದನ್ನೋ, ಬಿಡಿಸಿ ಹೇಳಲಿಲ್ಲ.

ಬಾಣಂತಿಗೆ ಬೆಳ್ಳುಳ್ಳಿ ಹುರಿದು ಕೊಡಬೇಕೆಂದು ಅಮ್ಮನ ಹಟ. ಹಕ್ಕಿಗೆ ಅದು ಒಳ್ಳೇದಲ್ಲ ಎಂದು ಹೇಳಿ ಕೊತ್ತಂಬರಿ ಸೊಪ್ಪಿಗೆ ಒಪ್ಪಿಸಿದೆ. ನಿಜವಾದ ಗಲಾಟೆ ಆದದ್ದು ಆಮೇಲೆ. ಮೊಟ್ಟೆ ಇಟ್ಟು ಸೊರಗಿದ ಹೆಣ್ಣಿಗೆ ಸುಣ್ಣದಂಶ, ಪ್ರೋಟೀನು ಬೇಕು. ಹಾಗಾಗಿ ಸಾಕುವವರೆಲ್ಲ ಬೇಯಿಸಿದ ಕೋಳಿಮೊಟ್ಟೆಯನ್ನು ಸಿಪ್ಪೆ ಸಮೇತ ಪುಡಿಮಾಡಿ ಕೊಡುತ್ತಾರೆ. ನಮ್ಮದೋ ಈರುಳ್ಳಿಗೂ ವಾರ ನೋಡುವ ಮನೆ. "ಮೊಟ್ಟೆ ಇಟ್ಟವಳಿಗೇ ಮೊಟ್ಟೆ ತಿನ್ನಿಸ್ತೀಯೇನೋ, ಪಾಪಿ!" ಎಂದರು ಅಮ್ಮ. ಅಡುಗೆಮನೆಗೆ ಪ್ರವೇಶ ಇಲ್ಲವಾದ್ದರಿಂದ ಬೆಡ್‌ರೂಮಿನ ಬಾಗಿಲು ಹಾಕಿಕೊಂಡು ಎಲೆಕ್ಟ್ರಿಕ್ ಕೆಟಲ್‌ನಲ್ಲಿ ಬೇಯಿಸಿದೆ. ವಾಸನೆಗೆ ಬಾಗಿಲು ಲೆಕ್ಕವೇ? ಅಮ್ಮ ದಿನಾ ಸಂಜೆ ಗ್ರೀನ್ ಟೀಗೆ ನೀರು ಕಾಯಿಸುವುದು ಅದೇ ಕೆಟಲ್‌ನಲ್ಲಿ. ಈಗ ಹೊಸ ಕೆಟಲ್ ಬಂದಿದೆ, ಅವರ ಬೀರುವಿನೊಳಗೆ, ಬೀಗದ ಹಿಂದೆ.

ವಾರ ಕಳೆದ ಮೇಲೆ ಮೊಟ್ಟೆಗೆ ಟಾರ್ಚ್ ಹಿಡಿದರೆ ಒಳಗೆ ಕೆಂಪು ನರ ಕಾಣಬೇಕು, ಇಲ್ಲದಿದ್ದರೆ ಅದು ಗೊಡ್ಡು ಎಂದಳು ಮಗಳು. ಹೆಣ್ಣು ಹೊರಗೆ ಬಂದ ಹೊತ್ತು ನೋಡಿ ಮಡಿಕೆ ಇಳಿಸಿ, ಮೊಬೈಲ್ ಟಾರ್ಚ್ ಹಿಡಿದೆವು. ನರಗಳು ಕಂಡವು. ಆಹಾ ಎನ್ನುವಷ್ಟರಲ್ಲಿ ಅದು ಬಂದು ನನ್ನ ಬೆರಳು ಕಚ್ಚಿತು. ಅಷ್ಟು ಪುಟ್ಟ ಕೊಕ್ಕಿಗೆ ಅಷ್ಟು ಹಿಡಿತ ಇರುತ್ತದೆಂದು ಯಾರೂ ಹೇಳಿರಲಿಲ್ಲ. ಮೊಟ್ಟೆಗಳು ಕ್ಷೇಮ, ಮೊಬೈಲಿನ ಗಾಜು ಹೋಯಿತು. "ಬಾಣಂತಿ ಕೋಣೆಗೆ ಗಂಡಸರು ನುಗ್ಗಿದ್ರೆ ಇನ್ನೇನಾಗತ್ತೆ?" ಅಮ್ಮನಿಗೆ ಪರಮ ಸಂತೋಷ.

ಮರಿಗಳೂ ಒಟ್ಟಿಗೆ ಬರಲಿಲ್ಲ, ಮೊಟ್ಟೆ ಇಟ್ಟ ಲೆಕ್ಕದಲ್ಲೇ ಒಂದೊಂದಾಗಿ ಬಂದವು. ರೆಕ್ಕೆಪುಕ್ಕ ಇಲ್ಲ, ಕಣ್ಣು ಬಿಟ್ಟಿಲ್ಲ. ಇಣುಕಿದ ಅಮ್ಮ ಮುಖ ಸಿಂಡರಿಸಿ, "ಯಾರ ಹೋಲಿಕೇನೋ ಇದು!" ಎಂದರು. ಆದರೂ ದೃಷ್ಟಿ ತೆಗೆದರು.

ಮರಿಗಳು ಗೂಡು ಬಿಟ್ಟವು, ಮಿಕ್ಸಿಗೆ ಬಿಡುಗಡೆಯಾಯಿತು, ಚಟ್ನಿ ಬಂತು. ಮೇಲಿಂದ ಮೇಲೆ ಮೊಟ್ಟೆಯಿಟ್ಟರೆ ಹೆಣ್ಣು ಸೋಲುತ್ತದೆ. ಅದಕ್ಕೇ ಮಡಿಕೆ ತೆಗೆದು ಅಟ್ಟಕ್ಕೆ ಹಾಕಿದೆ. ಮರುವಾರ ನೋಡಿದರೆ, ನವಣೆ ಬಟ್ಟಲಲ್ಲೇ ಒಂದು ಮೊಟ್ಟೆ! ಪಕ್ಕದಲ್ಲಿ ಗಂಡು ಕತ್ತು ಆಡಿಸುತ್ತ ಹಾಡುತ್ತಿತ್ತು.

ಅಮ್ಮ ಅಕ್ಕನ ಮನೆಗೆ ಬಟ್ಟೆ ಜೋಡಿಸಿಕೊಳ್ಳುತ್ತಿದ್ದಾರೆ. ಕೆಟಲ್ ಕೂಡ ಬ್ಯಾಗಿಗೆ ಹೋಯಿತು.