ಕರುಳು ಸರಿಮಾಡ್ಕೊಳ್ಳಿ, ಅಷ್ಟೇ!

ಇವತ್ತು ರುಮಟಾಲಜಿಸ್ಟ್, ಅಂದರೆ ಸಂಧಿವಾತದ ಡಾಕ್ಟರ್, ಬಾಗಿಲ ಮುಂದೆ ಕಾಯ್ತಾ ಕೂತಿದ್ದೆ. ಪಕ್ಕದಲ್ಲಿ ಇಪ್ಪತ್ತೈದರ ಆಸುಪಾಸಿನ ಹುಡುಗಿ. ಬೆರಳ ಗೆಣ್ಣೆಲ್ಲ ಊದಿಕೊಂಡಿತ್ತು. ರುಮಟಾಯ್ಡ್ ಸಂಧಿವಾತ (ದೇಹ ತನ್ನ ಕೀಲುಗಳ ಮೇಲೆ ತಾನೇ ದಾಳಿ ಮಾಡೋ ಕಾಯಿಲೆ) ಅಂತ ಗೊತ್ತಾಗಿ ಎರಡು ತಿಂಗಳಂತೆ. ನನ್ನ ಸೊಟ್ಟ ಬೆರಳು ನೋಡಿ ನಮ್ಮ ಪಂಗಡದವಳೇ ಅನ್ನಿಸಿರಬೇಕು, ಫೋನ್ ಚಾಚಿ "ಆಂಟಿ, ಇದು ನಿಜಾನಾ?" ಅಂದಳು. (ಆಂಟಿ ಅಂದಿದ್ದರ ಲೆಕ್ಕ ಆಮೇಲೆ.)

ವಿಡಿಯೋದಲ್ಲಿ ಒಬ್ಬ ನಗುಮುಖದ ಮಹಾಶಯ. ಇದು ಕೀಲಿನ ಕಾಯಿಲೆಯೇ ಅಲ್ಲವಂತೆ, ಕರುಳಿನದ್ದಂತೆ. ಕೆಟ್ಟ ಬ್ಯಾಕ್ಟೀರಿಯಾ ಓಡಿಸಿ ಒಳ್ಳೇದನ್ನ ತುಂಬಿಕೊಂಡರೆ ಈ ಕಾಯಿಲೆಗೆ ನಾವು ನುಂಗೋ ಮೆಥೋಟ್ರೆಕ್ಸೇಟ್ ಮಾತ್ರೆ ಎಸೆಯಬಹುದಂತೆ. "ಕರುಳು ಸರಿಮಾಡ್ಕೊಳ್ಳಿ, ಅಷ್ಟೇ!" ಆ "ಅಷ್ಟೇ" ಕೇಳಿದಾಗಿನಿಂದ ನನ್ನ ತಲೆ ಕಾದಿದೆ.

ಪೂರಾ ಸುಳ್ಳು ಹೇಳಿದ್ದರೆ ನಕ್ಕು ಬಿಡ್ತಿದ್ದೆ. ಕರುಳಿಗೂ ಈ ಕಾಯಿಲೆಗೂ ನಂಟಿದೆ, ಅದೇ ತೊಂದರೆ. 2013ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದವರು, ಕಾಯಿಲೆ ಹೊಸದಾಗಿ ಬಂದು ಇನ್ನೂ ಔಷಧ ಶುರುಮಾಡದ 44 ಜನರ ಮಲ ಪರೀಕ್ಷೆ ಮಾಡಿದರು. ಅವರಲ್ಲಿ ಶೇಕಡಾ 75 ಜನರಲ್ಲಿ ಪ್ರಿವೊಟೆಲ್ಲಾ ಕಾಪ್ರಿ ಅನ್ನೋ ಬ್ಯಾಕ್ಟೀರಿಯಾ ಸಿಕ್ಕಿತು. ಆರೋಗ್ಯವಾಗಿದ್ದವರಲ್ಲಿ ಸಿಕ್ಕಿದ್ದು ಸುಮಾರು ಶೇಕಡಾ 21ರಲ್ಲಿ. ದೊಡ್ಡ ವ್ಯತ್ಯಾಸವೇ. ಆದರೆ ಮಹಾಶಯರೇ, ಆ ಶೇಕಡಾ 21ರವರು ಬ್ಯಾಕ್ಟೀರಿಯಾ ಇಟ್ಟುಕೊಂಡೇ ಆರಾಮಾಗಿದ್ದಾರೆ. ರೋಗಿಗಳಲ್ಲಿ ಅದಿಲ್ಲದ ಉಳಿದ ಶೇಕಡಾ 25ರವರಿಗೂ ಕೀಲು ಊದಿದೆ. ನಿಮ್ಮ "ಅಷ್ಟೇ" ಇದರಲ್ಲಿ ಎಲ್ಲಿ ಕೂರುತ್ತೆ?

2022ರಲ್ಲಿ ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದವರು ಇನ್ನೊಂದು ಬ್ಯಾಕ್ಟೀರಿಯಾ ಹಿಡಿದರು. ಅದನ್ನ ಇಲಿಗಳಿಗೆ ಕೊಟ್ಟರೆ ಇಲಿಗಳ ಪಾದ ಊದಿತು. ಓದಿ ನಾನೂ ಥ್ರಿಲ್ ಆಗಿದ್ದೆ. ಆದರೆ ಅವು ಇಲಿಗಳು. ನಮ್ಮಲ್ಲಿ ಈ ಕಾಯಿಲೆಯ ಹಿಂದೆ ವಂಶವಾಹಿ ಇದೆ, ಸಿಗರೇಟಿದೆ, ವಸಡಿದೆ. ವಸಡಲ್ಲಿ ಬೆಳೆಯೋ ಒಂದು ಬ್ಯಾಕ್ಟೀರಿಯಾ ನಮ್ಮ ಪ್ರೊಟೀನುಗಳ ರೂಪವನ್ನೇ ಬದಲಾಯಿಸಬಲ್ಲದು. ಹಾಗೆ ಬದಲಾದ ಪ್ರೊಟೀನನ್ನ ಶತ್ರು ಅಂದುಕೊಂಡು ದೇಹ ತಯಾರಿಸೋ ಪ್ರತಿಕಾಯವೇ ನಮ್ಮ ರಿಪೋರ್ಟಿನ ಆ್ಯಂಟಿ-ಸಿಸಿಪಿ. ನೋವು ಶುರುವಾಗೋ ಎಷ್ಟೋ ವರ್ಷ ಮುಂಚೆಯೇ ಅದು ರಕ್ತದಲ್ಲಿ ಕಾಣಿಸಿಕೊಳ್ಳಬಹುದು. ಇಷ್ಟೆಲ್ಲ ಗೋಜಲಿರೋ ಕಡೆ ಒಬ್ಬ ಬಂದು "ಅಷ್ಟೇ" ಅಂತಾನೆ!

ಈ "ಅಷ್ಟೇ" ಹೊಸದೂ ಅಲ್ಲ. ನೂರು ವರ್ಷದ ಹಿಂದೆ, ಬಾಯಲ್ಲಿರೋ ಸೋಂಕೇ ಸಂಧಿವಾತಕ್ಕೆ ಕಾರಣ ಅಂತ ನಂಬಿ ಯುರೋಪ್, ಅಮೆರಿಕದಲ್ಲಿ ರೋಗಿಗಳ ಹಲ್ಲು, ಟಾನ್ಸಿಲ್ ಕಿತ್ತು ಹಾಕಿದ್ದರು. ಹಲ್ಲು ಹೋಯ್ತು, ಕೀಲುನೋವು ಉಳೀತು.

ಅದೇ ನಂಬಿಕೆಯ ಕಾಲದಲ್ಲಿ ಸ್ವೀಡನ್ನಿನ ನಾನ್ನಾ ಸ್ವಾರ್ಟ್ಸ್ ಅನ್ನೋ ವೈದ್ಯೆ, ಸಂಧಿವಾತಕ್ಕೆ ಸೋಂಕು ಕಾರಣ ಅಂತಲೇ ಸೋಂಕಿಗೆ ಕೊಡೋ ಸಲ್ಫಾ ಔಷಧವನ್ನೂ ಆಸ್ಪಿರಿನ್ ಜಾತಿಯ ಸ್ಯಾಲಿಸಿಲೇಟನ್ನೂ ಜೋಡಿಸಿ ಸಲ್ಫಾಸಲಜೀನ್ ಮಾಡಿಸಿದರು. ನಮ್ಮಲ್ಲಿ ಎಷ್ಟೋ ಜನ ಇವತ್ತೂ ಅದನ್ನ ನುಂಗ್ತಾರೆ. ತಮಾಷೆ ಏನು ಗೊತ್ತಾ? ಆ ಮಾತ್ರೆಯನ್ನ ಒಡೆದು ಕೆಲಸಕ್ಕೆ ಹಚ್ಚೋದು ದೊಡ್ಡಕರುಳಿನ ಬ್ಯಾಕ್ಟೀರಿಯಾಗಳೇ. ಮಹಾಶಯ ಎಸೆಯೋಕೆ ಹೇಳೋ ಡಬ್ಬಿಯೊಳಗೇ ಕರುಳಿನ ವಿಜ್ಞಾನ ಕೂತಿದೆ.

"ಪ್ರೋಬಯಾಟಿಕ್ (ಒಳ್ಳೇ ಬ್ಯಾಕ್ಟೀರಿಯಾದ ಕ್ಯಾಪ್ಸೂಲ್) ತಗೊಂಡರೆ ನಷ್ಟ ಏನು? ಡಾಕ್ಟರುಗಳು ಊಟದ ಬಗ್ಗೆ ಮಾತೇ ಆಡಲ್ಲ" ಅಂತ ಈಗಲೇ ಒಬ್ಬರು ಟೈಪ್ ಮಾಡ್ತಿರ್ತೀರ. ಎರಡನೇ ಮಾತು ಒಪ್ಪಿದೆ. ಮೊದಲನೆಯದು, ಡಾಕ್ಟರಿಗೆ ಹೇಳಿ ಮಾತ್ರೆಯ ಜೊತೆಗೆ ತಗೊಳ್ಳಿ, ಯಾರು ಬೇಡ ಅಂದರು? ವಿಡಿಯೋ ಹೇಳ್ತಿರೋದು ಜೊತೆಗೆ ಅಂತಲ್ಲ, ಬದಲಿಗೆ ಅಂತ. ಶುರುವಿನ ಕೆಲವು ತಿಂಗಳಲ್ಲೇ ಕೀಲು ಉಳಿಸಿಕೊಳ್ಳೋ ಒಳ್ಳೇ ಅವಕಾಶ ಇರೋದು. ಸವೆದ ಮೂಳೆ ಮತ್ತೆ ಮೊದಲಿನಂತಾಗಲ್ಲ.

ನನಗೆ ಹೇಗೆ ಗೊತ್ತು ಅಂದರೆ... ಬರೆಯೋದೋ ಬೇಡವೋ ಅಂತ ಅರ್ಧ ಗಂಟೆಯಿಂದ ಯೋಚಿಸ್ತಿದ್ದೆ. ಬಲಗೈ ಮಣಿಕಟ್ಟು ಬಿದ್ದು ಪೆಟ್ಟಾಗಿದ್ದು ಅಂತ ನಿಮಗೆಲ್ಲ ಹೇಳಿದ್ದೆನಲ್ಲ, ಸುಳ್ಳು. ನಾನು ಎಲ್ಲೂ ಬಿದ್ದಿಲ್ಲ. ಆರು ವರ್ಷದ ಹಿಂದೆ ಐದು ತಿಂಗಳು ಮೆಥೋಟ್ರೆಕ್ಸೇಟ್ ಬಿಟ್ಟಿದ್ದೆ. ವಾರಕ್ಕೊಮ್ಮೆ ಅದು ನುಂಗಿದ ಮರುದಿನದ ವಾಕರಿಕೆ ಸಾಕಾಗಿತ್ತು. ಇಂಥದ್ದೇ ಒಬ್ಬ ಮಹಾಶಯನ ಕ್ಯಾಪ್ಸೂಲ್ ನುಂಗ್ತಾ, ಬೆಳಗಿನ ಬಿಗಿತ ಜಾಸ್ತಿ ಆದಾಗೆಲ್ಲ "ಕೆಟ್ಟ ಬ್ಯಾಕ್ಟೀರಿಯಾ ಸಾಯ್ತಿವೆ, ಒಳ್ಳೇ ಲಕ್ಷಣ" ಅಂದುಕೊಂಡೆ. ಓದಿದವಳು, ನಿಮಗೆಲ್ಲ ಬುದ್ಧಿ ಹೇಳೋಳು! ಆಮೇಲೆ ಎಕ್ಸ್‌ರೇ ನೋಡಿದ ಡಾಕ್ಟರ್ ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇದನ್ನ ಆ ಹುಡುಗಿಗೆ ಹೇಳಿದೆ, ನಿಮಗಿಂತ ಮುಂಚೆ. ಅವಳು ಸ್ವಲ್ಪ ಹೊತ್ತು ನನ್ನ ಮಣಿಕಟ್ಟನ್ನೇ ನೋಡಿದಳು. "ಡಾಕ್ಟರಿಗೆ ವಿಡಿಯೋ ತೋರಿಸಿ ಕೇಳು" ಅಂದೆ. "ಬೈತಾರೇನೋ ಆಂಟಿ" ಅಂದಳು. "ಬೈಸ್ಕೋ" ಅಂದೆ.

ಹೆಸರು ಕರೆದಾಗ ಫೋನ್ ಕೈಯಲ್ಲೇ ಹಿಡಿದು ಒಳಗೆ ಹೋದಳು. ಇಪ್ಪತ್ತೈದು ನಿಮಿಷ ಆಚೆ ಬರಲಿಲ್ಲ. ಮುಂದಿನ ಸರದಿ ನನ್ನದು. ಅವಳು ಎಷ್ಟು ಹೊತ್ತು ತಗೊಂಡರೂ ಪರವಾಗಿಲ್ಲ ಅನ್ನಿಸಿತು ಅಂತ ಬರೆದರೆ ನಾನು ಒಳ್ಳೆಯವಳಂತೆ ಕಾಣ್ತೀನಿ. ಆದರೆ ಮಂಡಿ ಹಿಡ್ಕೊಂಡಿತ್ತು, ಕುರ್ಚಿ ಗಟ್ಟಿಯಿತ್ತು, ಸಿಟ್ಟೂ ಬಂತು.