ನಾಲ್ಕು ಟ್ಯಾಂಕರ್ ನೀರು, ಹನ್ನೊಂದು ಮೈಕ್ರೋಸರ್ವೀಸ್

ನಮ್ಮ ಕಂಪನಿಯ ಕೆಲಸ ಬಹಳ ಸರಳ. ಅಪಾರ್ಟ್‌ಮೆಂಟಿನವರು ಆ್ಯಪ್‌ನಲ್ಲಿ ಬಟನ್ ಒತ್ತಬೇಕು, ನೀರಿನ ಟ್ಯಾಂಕರ್ ಬರಬೇಕು. ಬೆಳ್ಳಂದೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾನು ಟೀಮ್ ಲೀಡ್, ಜೊತೆಗೆ ಆರು ಜನ. ಗಿರಾಕಿ ಒಂದೇ ಅಪಾರ್ಟ್‌ಮೆಂಟ್, 212 ಮನೆ. ಬೋರ್‌ವೆಲ್ ಕೈಕೊಟ್ಟ ದಿನ ನಾಲ್ಕು ಟ್ಯಾಂಕರ್ ಬೇಕು. ಉಳಿದ ದಿನ ಅದೂ ಇಲ್ಲ.

ಮೊದಲ ಮೀಟಿಂಗಿನಲ್ಲಿ ನಾನು ಬಾಯಿಬಿಟ್ಟೆ. "ಒಂದು ಸರ್ವರ್, ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್. ಸಾಕು ಅಲ್ವಾ?"

ಮದುವೆಮನೆಯಲ್ಲಿ ಸಾವಿನ ಸುದ್ದಿ ಎತ್ತಿದವನನ್ನು ನೋಡುವ ಹಾಗೆ ಎಲ್ಲರೂ ನನ್ನನ್ನು ನೋಡಿದರು. ಪೋಸ್ಟ್‌ಗ್ರೆಸ್ ಶುರುವಾದದ್ದು 1986ರಲ್ಲಿ, ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ. ನನಗಿಂತ ಎರಡೇ ವರ್ಷ ದೊಡ್ಡದು ಎಂದೆ. ನಮ್ಮ ಆರ್ಕಿಟೆಕ್ಟ್ ನನ್ನನ್ನೂ ಅದನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ತೂಗಿದ.

"ಸರ್, ನಾಳೆ ದಿನಕ್ಕೆ ಹತ್ತು ಲಕ್ಷ ಟ್ಯಾಂಕರ್ ಬುಕ್ ಆದ್ರೆ?"

ಹತ್ತು ಲಕ್ಷ ಟ್ಯಾಂಕರ್ ಒಟ್ಟಿಗೆ ರಸ್ತೆಗೆ ಇಳಿದರೆ ಮೊದಲು ಕೂರುವುದು ಡೇಟಾಬೇಸ್ ಅಲ್ಲ, ಇಬ್ಬಲೂರು ಜಂಕ್ಷನ್. ಆದರೆ ಇದನ್ನೆಲ್ಲ ಹೇಳಿದರೆ ಲೀಡ್‌ಗೆ ದೂರದೃಷ್ಟಿ ಇಲ್ಲ ಅಂತಾರೆ. ಸುಮ್ಮನಾದೆ.

ಮಧ್ಯಾಹ್ನದ ಹೊತ್ತಿಗೆ ವೈಟ್‌ಬೋರ್ಡ್ ತುಂಬಿತ್ತು. ಮೆಸೇಜ್ ಸಾಗಿಸಲು ಕಾಫ್ಕಾ, ಪ್ರೋಗ್ರಾಮ್‌ಗಳನ್ನು ಓಡಿಸಿ ನೋಡಿಕೊಳ್ಳಲು ಕುಬರ್ನೆಟೀಸ್, ಒಂದೇ ಆ್ಯಪಿನ ಕೆಲಸವನ್ನು ತುಂಡು ತುಂಡು ಮಾಡಿದ ಹನ್ನೊಂದು ಮೈಕ್ರೋಸರ್ವೀಸ್. ಟ್ಯಾಂಕರಿಗೊಂದು, ಡ್ರೈವರಿಗೊಂದು, ಟ್ಯಾಂಕರಿಗೂ ಡ್ರೈವರಿಗೂ ಸಂಬಂಧ ಕಲ್ಪಿಸಲು ಇನ್ನೊಂದು. ಕಾಫ್ಕಾವನ್ನು ಕಟ್ಟಿದ್ದು ಲಿಂಕ್ಡ್‌ಇನ್‌ನವರು, ತಮ್ಮ ಡೇಟಾ ತಮಗೇ ಹೊರಲಾಗದೆ ಹೋದಾಗ. ಕುಬರ್ನೆಟೀಸ್ 2014ರಲ್ಲಿ ಗೂಗಲ್‌ನಿಂದ ಬಂತು. ಅವರ ಮನೆಯಲ್ಲಿ ದಿನಾ ಸಾವಿರ ಎಲೆಯ ಊಟ. ನಮ್ಮದು ಮೂರು ತಟ್ಟೆ. ಆದರೂ ಅನ್ನ ಕೊಪ್ಪರಿಗೆಯಲ್ಲೇ ಬೇಯಬೇಕು.

ಒಂದು ಕೊನೆಯ ಪ್ರಯತ್ನ ಮಾಡಿದೆ. 2014ರಲ್ಲಿ ಫೇಸ್‌ಬುಕ್ ವಾಟ್ಸ್‌ಆ್ಯಪನ್ನು ಕೊಂಡಾಗ ಅದನ್ನು ಬಳಸುತ್ತಿದ್ದವರು 45 ಕೋಟಿ ಜನ. ಎಂಜಿನಿಯರ್‌ಗಳು ಬರೀ 32. ಅವರು ನೆಚ್ಚಿಕೊಂಡಿದ್ದ ಎರ್ಲಾಂಗ್ ಭಾಷೆ ಎರಿಕ್ಸನ್ ಕಂಪನಿಯವರು ಟೆಲಿಫೋನ್ ಎಕ್ಸ್‌ಚೇಂಜಿಗಾಗಿ ಎಂಬತ್ತರ ದಶಕದಲ್ಲಿ ಮಾಡಿಕೊಂಡದ್ದು.

"ಅದು ಆಗಿನ ಕಾಲ ಸರ್" ಎಂದ ಆರ್ಕಿಟೆಕ್ಟ್. ನನ್ನ ಮದುವೆಯಾದದ್ದೂ ಆಗಲೇ. ಅದನ್ನೂ ಮೈಗ್ರೇಟ್ ಮಾಡಬೇಕೇನೋ.

ಹಳೆಯ ತಂತ್ರಜ್ಞಾನದ ಗುಣ ಏನು ಗೊತ್ತಾ? ಅದೂ ಕೆಡುತ್ತದೆ. ಆದರೆ ಎಲ್ಲರಿಗೂ ಗೊತ್ತಿರುವ ರೀತಿಯಲ್ಲಿ ಕೆಡುತ್ತದೆ. ರಾತ್ರಿ ಎರಡು ಗಂಟೆಗೆ ಎರರ್ ಹಾಕಿ ಹುಡುಕಿದರೆ, 2011ರಲ್ಲೇ ಯಾರೋ ಪುಣ್ಯಾತ್ಮ ಅದಕ್ಕೆ ಅತ್ತು, ಉತ್ತರವನ್ನೂ ಪಡೆದಿರುತ್ತಾನೆ. ಹೊಸದರಲ್ಲಿ ಹುಡುಕಿದರೆ ಸಿಗುವುದು ಒಂದೇ ಪ್ರಶ್ನೆ. ಉತ್ತರ ಇಲ್ಲ. ಕೇಳಿದ್ದು ಯಾರು ಅಂತ ನೋಡಿದರೆ ನಮ್ಮ ಟೀಮಿನವನೇ.

ಏಪ್ರಿಲ್‌ನಲ್ಲಿ ಒಂದು ರಾತ್ರಿ ಅಪಾರ್ಟ್‌ಮೆಂಟಿನ ವಾಚ್‌ಮನ್ ಫೋನ್ ಮಾಡಿದ. "ಸಾರ್, ಒಂಬತ್ನೇ ಟ್ಯಾಂಕರ್ ಬಂದಿದೆ. ಸಂಪು ತುಂಬಿ ನೀರು ಪಾರ್ಕಿಂಗಿಗೆ ಹರೀತಿದೆ. ಒಳಗೆ ಬಿಡ್ಲಾ?"

ಬುಕ್ ಮಾಡಿದ್ದು ಒಂದು. ನಮ್ಮ ಡ್ಯಾಶ್‌ಬೋರ್ಡ್ ನೋಡಿದರೆ ಅಡಿಯಿಂದ ಮುಡಿಯವರೆಗೆ ಹಸಿರು.

ಆಗಿದ್ದು ಇಷ್ಟೇ. ನಾವು ಇಟ್ಟುಕೊಂಡಿದ್ದ ರೀತಿಯಲ್ಲಿ ಕಾಫ್ಕಾ ಮೆಸೇಜನ್ನು ಕನಿಷ್ಠ ಒಂದು ಸಲ ತಲುಪಿಸುತ್ತದೆ. ಒಂದೇ ಸಲ ಕೆಲಸ ಆಗುವ ಹಾಗೆ ನೋಡಿಕೊಳ್ಳುವುದು ನಮ್ಮ ಹೊಣೆ. ಬುಕಿಂಗ್ ತೆಗೆದುಕೊಂಡ ಸರ್ವೀಸ್ ಟ್ಯಾಂಕರ್ ಕಳಿಸುತ್ತಿತ್ತು. 'ಆಯ್ತು' ಅಂತ ಬರೆದಿಡುವ ಮೊದಲೇ ಸಾಯುತ್ತಿತ್ತು. ಕುಬರ್ನೆಟೀಸ್ ಅದನ್ನು ಶ್ರದ್ಧೆಯಿಂದ ಮತ್ತೆ ಬದುಕಿಸುತ್ತಿತ್ತು. ಬದುಕಿದ್ದು ಅದೇ ಬುಕಿಂಗ್ ಓದಿ ಇನ್ನೊಂದು ಟ್ಯಾಂಕರ್ ಕಳಿಸುತ್ತಿತ್ತು. ಸತ್ತು ಹುಟ್ಟಿ ಸತ್ತು ಹುಟ್ಟಿ ಒಂಬತ್ತು ಜನ್ಮ. ಇದನ್ನು ಕಂಡುಹಿಡಿಯಲು ಏಳು ಜನ ಬೆಳಗಿನವರೆಗೆ ಹನ್ನೊಂದು ಕಡೆಯ ಲಾಗ್, ಅಂದರೆ ಪ್ರೋಗ್ರಾಮ್‌ಗಳು ಬರೆದಿಡುವ ದಿನಚರಿ, ಓದಿದೆವು. ವಾಚ್‌ಮನ್ ಮಾತ್ರ ಗೇಟಿನ ನೋಟ್‌ಬುಕ್ಕಿನಲ್ಲಿ ಒಂಬತ್ತೂ ಗಾಡಿಯ ನಂಬರನ್ನು ಸಾಲಾಗಿ ಬರೆದಿಟ್ಟಿದ್ದ.

ಆಮೇಲೆ ಟೀಮಿಗೆ ಒಂದು ಸುದ್ದಿ ಕಳಿಸಿದೆ. 2023ರಲ್ಲಿ ಅಮೆಜಾನ್ ಪ್ರೈಮ್ ವಿಡಿಯೋದವರೇ ವಿಡಿಯೋ ಗುಣಮಟ್ಟ ನೋಡಿಕೊಳ್ಳುವ ತಮ್ಮ ಒಂದು ವ್ಯವಸ್ಥೆಯ ತುಂಡುಗಳನ್ನು ಸೇರಿಸಿ ಒಂದು ಮಾಡಿದರು, ಅದರ ಖರ್ಚು 90% ಇಳಿಯಿತು. ಆರ್ಕಿಟೆಕ್ಟ್ ಅದಕ್ಕೆ ಹೆಬ್ಬೆರಳು ಒತ್ತಿದ. ಮರುವಾರ ರಾಜೀನಾಮೆಯನ್ನೂ ಒತ್ತಿದ. ಈಗ ಅವನ ಪ್ರೊಫೈಲಿನಲ್ಲಿ 'ಒಂದೇ ರಾತ್ರಿ ಲಕ್ಷ ಲೀಟರ್ ನೀರನ್ನು ರಿಯಲ್ ಟೈಮಿನಲ್ಲಿ ನಿಭಾಯಿಸಿದ ಪ್ಲಾಟ್‌ಫಾರ್ಮ್‌ನ ರೂವಾರಿ' ಎಂದಿದೆ. ಸುಳ್ಳೇನಲ್ಲ. ಟ್ಯಾಂಕರಿಗೆ ಹನ್ನೆರಡು ಸಾವಿರ ಲೀಟರ್, ಒಂಬತ್ತು ಟ್ಯಾಂಕರ್. ಲೆಕ್ಕ ಸರಿಯಾಗಿದೆ.

ನಾವು ಎರಡು ವೀಕೆಂಡ್ ಕೂತು ಒಂದು ಸರ್ವರ್, ಒಂದು ಪೋಸ್ಟ್‌ಗ್ರೆಸ್‌ಗೆ ಮರಳಿದೆವು. ಹಳೇ ಗಂಡನ ಪಾದವೇ ಗತಿ. ಟ್ಯಾಂಕರ್ ಬಂದು ಹೋಗುತ್ತಿದೆ. ರಾತ್ರಿ ನಿದ್ದೆ ಬರುತ್ತಿದೆ. ಬರದೇ ಇರುವುದು ಎಂಜಿನಿಯರ್‌ಗಳು. ಇಂಟರ್‌ವ್ಯೂಗೆ ಕೂತ ನಾಲ್ಕೂ ಜನ ನಮ್ಮ ಸ್ಟ್ಯಾಕ್, ಅಂದರೆ ನಾವು ಬಳಸುವ ತಂತ್ರಜ್ಞಾನ, ಯಾವುದೆಂದು ಕೇಳಿ ನಯವಾಗಿ ನಕ್ಕು ಎದ್ದರು. "ಇದರಲ್ಲಿ ನನ್ನ ರೆಸ್ಯೂಮೆಗೆ ಏನು ಸಿಗುತ್ತೆ ಸರ್?" ಎಂದು ಒಬ್ಬಳು ನೇರವಾಗಿಯೇ ಕೇಳಿದಳು. ಪಾಪ, ತಪ್ಪಲ್ಲ. ಮುಂದಿನ ಕಂಪನಿಯವರು ಅವಳನ್ನು ನಿದ್ದೆಯ ಬಗ್ಗೆ ಕೇಳುವುದಿಲ್ಲ.

"ಜಾಹೀರಾತಿಗೆ ನಾಲ್ಕು ಭಾರಿ ಹೆಸರು ಹಾಕಿ" ಎಂದರು ಎಚ್‌ಆರ್ ಮೇಡಂ. ನನಗೆ 2020ರ ಒಂದು ಪ್ರಸಂಗ ನೆನಪಾಯಿತು. ಯಾರೋ ಫಾಸ್ಟ್‌ಎಪಿಐ ಎಂಬ ಟೂಲಿನಲ್ಲಿ ನಾಲ್ಕು ವರ್ಷದ ಅನುಭವ ಕೇಳಿದ್ದರು. ಅದನ್ನು ಸೃಷ್ಟಿಸಿದ ಸೆಬಾಸ್ಟಿಯನ್ ರಾಮಿರೆಜ್, ತಾನು ಅರ್ಜಿ ಹಾಕುವ ಹಾಗಿಲ್ಲ, ಅದನ್ನು ಮಾಡಿ ಒಂದೂವರೆ ವರ್ಷವಾಗಿದೆ ಅಷ್ಟೇ ಎಂದು ಟ್ವೀಟ್ ಮಾಡಿದ್ದ. ಆಗ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ನಮ್ಮ ಜಾಹೀರಾತು ಸೋಮವಾರ ಹೋಯಿತು. ನಾವು ಬಳಸದೇ ಇರುವ ಒಂದು ಟೂಲಿನಲ್ಲಿ ಐದು ವರ್ಷದ ಅನುಭವ ಕಡ್ಡಾಯ. ಆ ಟೂಲ್ ಹುಟ್ಟಿ ಮೂರು ವರ್ಷ. ನಿನ್ನೆ ಸಂಜೆಯ ಹೊತ್ತಿಗೆ 140 ಅರ್ಜಿ ಬಂದಿವೆ. ಎಲ್ಲರಿಗೂ ಐದು ವರ್ಷ ಅನುಭವ ಇದೆ. ಒಬ್ಬರಿಗೆ ಏಳು.