ಹಂದಿ ನೆಣ, ತೆಂಗಿನೆಣ್ಣೆ, ಒಂದು ಡಬ್ಬಿ ಕಾಸ್ಟಿಕ್

ಕರಾವಳಿಯಲ್ಲಿ, ಕೇರಳದಲ್ಲಿ ಮನೆಯಲ್ಲೇ ಸೋಪು ಮಾಡುವವರಿಗೆ ಬಾಯಿಪಾಠವಾಗಿರುವ ಲೆಕ್ಕ ಒಂದಿದೆ: ಒಂದು ಕೆ.ಜಿ. ತೆಂಗಿನೆಣ್ಣೆ, 170 ಗ್ರಾಂ ಕಾಸ್ಟಿಕ್ ಸೋಡಾ, 350 ಮಿ.ಲೀ. ನೀರು. ಅಮೆರಿಕದ ನಡುಭಾಗದ ಹಳ್ಳಿಗಳಲ್ಲೂ ಇಂಥದ್ದೇ ಒಂದು ಹಳೇ ಲೆಕ್ಕವಿದೆ: ಆರು ಪೌಂಡು ಲಾರ್ಡ್‌ಗೆ ಒಂದು ಡಬ್ಬಿ ಲೈ. ಲಾರ್ಡ್ ಅಂದರೆ ಕರಗಿಸಿ ಸೋಸಿದ ಹಂದಿ ನೆಣ, ಲೈ ಅಂದರೆ ಅದೇ ಕಾಸ್ಟಿಕ್. ಎರಡೂ ಸರಿಯಾದ ಲೆಕ್ಕಗಳೇ. ಮಿನ್ನೆಸೋಟಕ್ಕೋ ಅಯೋವಕ್ಕೋ ಬಂದು ನೆಲೆಸಿದ ನಮ್ಮವರು ಎಡವುವುದು ಒಂದರ ಎಣ್ಣೆಗೆ ಇನ್ನೊಂದರ ಕಾಸ್ಟಿಕ್ ಜೋಡಿಸಿದಾಗ.

ಗ್ರಾಮಿನಲ್ಲೇ ನೋಡೋಣ. ಒಂದು ಗ್ರಾಂ ತೆಂಗಿನೆಣ್ಣೆ ಪೂರ್ತಿ ಸೋಪಾಗಲು 0.183 ಗ್ರಾಂ ಕಾಸ್ಟಿಕ್ ಬೇಕು. ದನದ ನೆಣಕ್ಕೆ 0.143, ಹಂದಿ ನೆಣಕ್ಕೆ 0.141, ಆಲಿವ್ ಎಣ್ಣೆಗೆ 0.135, ಹರಳೆಣ್ಣೆಗೆ 0.128. ತೆಂಗಿನೆಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧ ಲಾರಿಕ್ ಎಂಬ ಕೊಬ್ಬಿನಾಮ್ಲ. ಅದರ ಇಂಗಾಲದ ಸರಪಳಿ ಗಿಡ್ಡ. ಸರಪಳಿ ಗಿಡ್ಡವಾದಷ್ಟೂ ಅಷ್ಟೇ ತೂಕದಲ್ಲಿ ಅಣುಗಳು ಹೆಚ್ಚು, ಒಂದೊಂದಕ್ಕೂ ಕ್ಷಾರದ ಜೊತೆ ಬೇಕೇ ಬೇಕು. ಕರಾವಳಿಯ 170 ಗ್ರಾಂ ಲೆಕ್ಕದಲ್ಲಿ ಶೇ. 7ರಷ್ಟು ಎಣ್ಣೆ ಸೋಪಾಗದೆ ಉಳಿದು ಮೈಗೆ ಮೆತ್ತಗಿರುತ್ತದೆ. ಅದೇ 170 ಗ್ರಾಮನ್ನು ಒಂದು ಕೆ.ಜಿ. ಹಂದಿ ನೆಣಕ್ಕೆ ಸುರಿದರೆ 29 ಗ್ರಾಂ ಕಾಸ್ಟಿಕ್ ಮಾಡಲು ಕೆಲಸವಿಲ್ಲದೆ ಸೋಪಿನಲ್ಲೇ ಕೂತಿರುತ್ತದೆ. ಅದು ಚರ್ಮ ಸುಡುವ ಸೋಪು. ಎಷ್ಟು ವಾರ ಒಣಗಿಸಿದರೂ ಮೈಗೆ ಹಚ್ಚುವಂತಾಗುವುದಿಲ್ಲ. ತಿರುಗಾಮುರುಗಾ ಆದರೆ ಸುಡುವುದಿಲ್ಲ, ಸೋಪು ಕೆಡುತ್ತದೆ ಅಷ್ಟೆ. ಹಳೆಯ 13 ಔನ್ಸ್ ಡಬ್ಬಿಯ 368 ಗ್ರಾಂ ಲೈ ಆರು ಪೌಂಡು, ಅಂದರೆ 2,722 ಗ್ರಾಂ ಲಾರ್ಡ್‌ಗೆ ಹದವಾಗಿ ಹೊಂದುತ್ತದೆ. ಅಷ್ಟೇ ತೂಕದ ತೆಂಗಿನೆಣ್ಣೆ ಹಾಕಿದರೆ ಕಾಲುಭಾಗ ಎಣ್ಣೆಯಾಗಿಯೇ ಉಳಿದು, ನೊರೆ ಕುಗ್ಗಿ, ಬೇಗ ಕಮಟು ಹಿಡಿಯುತ್ತದೆ. ಅಂಗಡಿಯಲ್ಲಿ ಈಗ ಸಿಗುವ ಡಬ್ಬಿಗಳ ತೂಕ ಒಂದೊಂದರದು ಒಂದೊಂದು, ಹಾಗಾಗಿ ಡಬ್ಬಿ ಲೆಕ್ಕವನ್ನೇ ಬಿಟ್ಟುಬಿಡಿ. ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆ ತಕ್ಕಡಿ ಇಲ್ಲದವರು ಈ ಕೆಲಸಕ್ಕೆ ಕೈ ಹಾಕಬಾರದು. ಕಪ್ಪು, ಚಮಚ, ಲೋಟದಲ್ಲಿ ಅಳೆಯುವುದು ಉಪ್ಪಿಟ್ಟಿಗೆ ಸರಿ.

ನನ್ನ ವಾದ ಇಷ್ಟು: ಆಯಾ ಊರಿನ ಸೋಪು ಆಯಾ ಊರಲ್ಲಿ ಮಿಕ್ಕುವ ಜಿಡ್ಡಿನಿಂದ ಹುಟ್ಟಿದ್ದು, ಹೊರನಾಡಿಗೆ ಬಂದವರು ಊರಿನ ಎಣ್ಣೆಯನ್ನೇ ಹುಡುಕಿಕೊಂಡು ಅಲೆಯಬೇಕಾಗಿಲ್ಲ. ನಮ್ಮಲ್ಲಿ ಮಿಗುತ್ತಿದ್ದದ್ದು ಕೊಬ್ಬರಿ. ನೆಣ ಮಿಗಲೇ ಇಲ್ಲ. ಕೊಡಗಿನ ಪಂದಿ ಕರಿಯಲ್ಲಿ ನೆಣವೇ ರುಚಿ, ಅದನ್ನು ಸೋಪಿಗೆ ಯಾರು ಕೊಡುತ್ತಾರೆ? ಇಲ್ಲಿ ಹಾಗಲ್ಲ. ಅಮೆರಿಕದಲ್ಲಿ ಅತಿ ಹೆಚ್ಚು ಹಂದಿ ಸಾಕುವ ರಾಜ್ಯ ಅಯೋವ. ಅದಕ್ಕೂ ಹಿಂದೆ ಹಂದಿಮಾಂಸಕ್ಕೆ ಹೆಸರಾಗಿದ್ದದ್ದು ಒಹಾಯೊದ ಸಿನ್ಸಿನ್ನಾಟಿ; ಊರಿಗೆ ‘ಪೋರ್ಕೊಪೊಲಿಸ್’, ಅಂದರೆ ಹಂದಿಮಾಂಸದ ಪಟ್ಟಣ, ಎಂದೇ ಅಡ್ಡಹೆಸರಿತ್ತು. ಅಲ್ಲಿನ ಕಸಾಯಿಖಾನೆಗಳ ನೆಣವನ್ನು ನೆಚ್ಚಿಕೊಂಡು ಒಬ್ಬ ಮೇಣದಬತ್ತಿಯವನೂ ಒಬ್ಬ ಸೋಪಿನವನೂ 1837ರಲ್ಲಿ ಶುರುಮಾಡಿದ ಪಾಲುದಾರಿಕೆಯೇ ಪ್ರಾಕ್ಟರ್ ಅಂಡ್ ಗ್ಯಾಂಬಲ್. ಬೆಂಗಳೂರಿನ ಕತೆಯೂ ಮಿಕ್ಕ ಮಾಲಿನದೇ. ಮೊದಲ ಮಹಾಯುದ್ಧಕ್ಕೆ ಶ್ರೀಗಂಧದ ರಫ್ತು ನಿಂತು ಕೊರಡು ರಾಶಿ ಬಿದ್ದಾಗ ಮೈಸೂರು ಸರ್ಕಾರ ಗಂಧದೆಣ್ಣೆ ತೆಗೆಸಿತು, ‘ಸೋಪ್ ಶಾಸ್ತ್ರಿ’ ಎಂದೇ ಹೆಸರಾದ ಎಸ್.ಜಿ. ಶಾಸ್ತ್ರಿಯವರ ಕೈಯಲ್ಲಿ ಅದು 1918ರ ಹೊತ್ತಿಗೆ ಸೋಪಾಯಿತು.

ಇಷ್ಟಿದ್ದೂ ಇಲ್ಲಿನ ನಮ್ಮವರು ‘ನ್ಯಾಚುರಲ್’ ಸೋಪು ಅಂದಕೂಡಲೇ ಸ್ಪೇನಿನ ಆಲಿವ್ ಎಣ್ಣೆ, ಆಫ್ರಿಕಾದ ಶಿಯಾ ಬೆಣ್ಣೆ ತರಿಸುತ್ತಾರೆ. ಸಸ್ಯಾಹಾರಿಗಳಾದರೆ ಒಪ್ಪೋಣ. ವಾರಾಂತ್ಯಕ್ಕೆ ಹಂದಿ ಪಕ್ಕೆಲುಬು ಸುಟ್ಟು ತಿನ್ನುವವರೂ ಲಾರ್ಡ್ ಸೋಪು ಅಂದರೆ ಮೂಗು ಮುರಿಯುವುದು ನನಗೆ ಅರ್ಥವಾಗುವುದಿಲ್ಲ. ಅದೇ ರೀತಿ ‘ದನದ ನೆಣ ನಮ್ಮ ಚರ್ಮದ ಎಣ್ಣೆಯಂತೆಯೇ ಇದೆ’ ಎಂದು ಮಾರುವವರ ಮಾತೂ ಬೇಡ. ಸೋಪಾದ ಮೇಲೆ ಅದು ನೆಣವಲ್ಲ, ಕೊಬ್ಬಿನಾಮ್ಲದ ಲವಣ. ತೊಳೆದರೆ ನೀರಿನ ಜೊತೆ ಹೋಗುತ್ತದೆ. ನೆಣದ ಸೋಪಿನ ನಿಜವಾದ ಗುಣ ಬೇರೆ: ಗಟ್ಟಿ ಬಿಲ್ಲೆ, ಕೆನೆಯಂಥ ಸಣ್ಣ ನೊರೆ, ಬಚ್ಚಲಲ್ಲಿ ಬೇಗ ಸವೆಯದ ಬಾಳಿಕೆ.

ನೆಣ ಎಲ್ಲಿಯದು ಅನ್ನುವುದರಿಂದಲೇ ಅರ್ಧ ಕೆಲಸ ತೀರ್ಮಾನವಾಗುತ್ತದೆ. ಹಳ್ಳಿ ಕಡೆಯ ಮೀಟ್ ಲಾಕರ್‌ಗಳಲ್ಲಿ, ಅಂದರೆ ಮಾಂಸ ಕಡಿದುಕೊಡುವ ಅಂಗಡಿಗಳಲ್ಲಿ, ‘ಲೀಫ್ ಫ್ಯಾಟ್’ ಎಂದು ಕೇಳಿ. ಅದು ಹಂದಿಯ ಮೂತ್ರಪಿಂಡದ ಸುತ್ತಲಿನ ನೆಣ, ಎಲ್ಲಕ್ಕಿಂತ ಬಿಳಿ, ವಾಸನೆ ಕಡಿಮೆ. ಬೆನ್ನಿನ ನೆಣವೂ ಆದೀತು. ದನದ್ದಾದರೆ ‘ಸುಯೆಟ್’. ಕರಗಿಸುವ ಕೆಲಸ ಬೆಣ್ಣೆ ಕಾಯಿಸುವವರಿಗೆ ಹೊಸದಲ್ಲ. ಬೆಣ್ಣೆಯಲ್ಲಿ ಮಜ್ಜಿಗೆಯ ಅಂಶ ಉಳಿದರೆ ತುಪ್ಪ ಕೆಡುತ್ತದೆ, ನೆಣದಲ್ಲಿ ಮಾಂಸ, ರಕ್ತ, ನೀರು ಉಳಿದರೆ ಸೋಪು ಕೆಡುತ್ತದೆ. ವ್ಯತ್ಯಾಸ ಒಂದೇ: ತುಪ್ಪಕ್ಕೆ ಘಮ ಬರುವವರೆಗೆ ಕಾಯಿಸುತ್ತೀರಿ, ಇಲ್ಲಿ ಯಾವ ಘಮವೂ ಬರಕೂಡದು.

ನೆಣವನ್ನು ಅರ್ಧ ಗಂಟೆ ಫ್ರೀಜರಿನಲ್ಲಿಟ್ಟರೆ ಚಾಕುವಿಗೆ ಜಾರುವುದಿಲ್ಲ. ಮಾಂಸದ ಎಳೆ ಕಂಡಲ್ಲಿ ಕಿತ್ತು ಹಾಕಿ, ಹೆಸರುಕಾಳಿನಷ್ಟಲ್ಲದಿದ್ದರೂ ಕಡಲೆಕಾಳಿನಷ್ಟು ಸಣ್ಣಗೆ ಹೆಚ್ಚಿ. ಕೆ.ಜಿ. ನೆಣಕ್ಕೆ ಅರ್ಧ ಲೀಟರ್ ನೀರು, ಒಂದು ದೊಡ್ಡ ಚಮಚ ಉಪ್ಪು. ಸಣ್ಣ ಉರಿಯಲ್ಲಿ ಮೂರು ನಾಲ್ಕು ಗಂಟೆ. ಮೇಲೆ ಒಂದೊಂದೇ ಗುಳ್ಳೆ ಏಳುವಷ್ಟು ಕಾವು ಸಾಕು, ಕುದಿ ಬೇಡ. ತೆಳ್ಳನೆ ಹತ್ತಿ ಬಟ್ಟೆಯಲ್ಲಿ ಸೋಸಿ ರಾತ್ರಿಯಿಡೀ ತಣ್ಣಗಿಟ್ಟರೆ ಬೆಳಗ್ಗೆ ಮೇಲೆ ಬಿಳಿ ಬಿಲ್ಲೆ, ಕೆಳಗೆ ಕಂದು ನೀರು. ಬಿಲ್ಲೆಯ ತಳದಲ್ಲಿ ಅಂಟಿಕೊಂಡಿರುವ ಲೋಳೆಯನ್ನು ಚಾಕುವಿನ ಬೆನ್ನಿನಿಂದ ಕೆರೆದು ತೆಗೆಯುವುದನ್ನು ಮಾತ್ರ ಮರೆಯಬೇಡಿ. ಕೆಟ್ಟ ವಾಸನೆಯೆಲ್ಲ ಅಲ್ಲೇ ಇರುತ್ತದೆ. ಹೊಸ ನೀರು, ಹೊಸ ಉಪ್ಪು ಹಾಕಿ ಇದನ್ನೇ ಮತ್ತೆ ಎರಡು ಸಲ. ಕೆಳಗಿನ ನೀರು ತಿಳಿಯಾದರೆ ನೆಣ ಶುದ್ಧವಾಯಿತು. ಕೊನೆಗೊಮ್ಮೆ ಬರೀ ನೆಣವನ್ನು ಸಣ್ಣ ಉರಿಯಲ್ಲಿಟ್ಟು ಚಿಟಪಟ ಸದ್ದು ನಿಲ್ಲುವವರೆಗೆ ನೀರಾರಿಸಿ. ನೀರು ಹಾಕದೆ ಬಾಣಲೆಯಲ್ಲೇ ಕರಗಿಸುವವರಿದ್ದಾರೆ. ಅಡುಗೆಗೆ ಅದು ರುಚಿ, ಸೋಪಿಗೆ ಹುರಿದ ಮಾಂಸದ ವಾಸನೆ ಅಂಟಿಕೊಳ್ಳುತ್ತದೆ, ಎಷ್ಟು ಸುಗಂಧ ಸುರಿದರೂ ಅಡಗದು.

ಬರೀ ಲಾರ್ಡ್ ಸೋಪು ನೊರೆಗೆ ಸೋಮಾರಿ, ಬರೀ ತೆಂಗಿನೆಣ್ಣೆ ಸೋಪು ನೊರೆಗೆ ಧಾರಾಳಿ ಆದರೆ ಮೈ ಒಣಗಿಸುತ್ತದೆ. ಎರಡೂ ನಾಡಿನ ಪದ್ಧತಿ ಒಂದಾಗಬೇಕಾದ ಜಾಗ ಇದೇ. ಲಾರ್ಡ್ 700 ಗ್ರಾಂ, ತೆಂಗಿನೆಣ್ಣೆ 250, ಹರಳೆಣ್ಣೆ 50. ಕ್ರಮವಾಗಿ 98.7, 45.75, 6.4 ಗ್ರಾಂ ಕಾಸ್ಟಿಕ್, ಒಟ್ಟು 150.85. ಶೇ. 5ರಷ್ಟು ಎಣ್ಣೆ ಉಳಿಯಲೆಂದು ಅಷ್ಟು ಕಳೆದರೆ 143 ಗ್ರಾಂ. ನೀರು ಅದರ ಎರಡರಷ್ಟು, 286 ಗ್ರಾಂ. ಭಟ್ಟಿಯಿಳಿಸಿದ ನೀರಾದರೆ ಒಳ್ಳೆಯದು.

ರಕ್ಷಣಾ ಕನ್ನಡಕ, ಕೈಗವಸು, ಉದ್ದ ತೋಳಿನ ಅಂಗಿ, ತೆರೆದ ಕಿಟಕಿ. ಕಾಸ್ಟಿಕ್ಕನ್ನು ನೀರಿಗೆ ಸುರಿಯಬೇಕು, ನೀರನ್ನು ಕಾಸ್ಟಿಕ್ಕಿಗೆ ಯಾವತ್ತೂ ಅಲ್ಲ. ಹಾಗೆ ಮಾಡಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಸ್ಟೀಲ್ ಪಾತ್ರೆ ಅಥವಾ ದಪ್ಪ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಜಗ್ ಮಾತ್ರ. ಅಲ್ಯುಮಿನಿಯಂ ಪಾತ್ರೆಯನ್ನು ಕಾಸ್ಟಿಕ್ ತಿಂದುಹಾಕುತ್ತದೆ, ಹೈಡ್ರೋಜನ್ ಬಿಡುತ್ತದೆ. ಗಾಜು ದಿನ ಕಳೆದಂತೆ ಸವೆದು ಒಂದು ದಿನ ಬಿರಿಯುತ್ತದೆ. ಮೈಮೇಲೆ ಬಿದ್ದರೆ ವಿನೆಗರ್ ಹುಡುಕಬೇಡಿ, ಹರಿಯುವ ನೀರಿಗೆ ಹಿಡಿದು ಕನಿಷ್ಠ ಕಾಲು ಗಂಟೆ ತೊಳೆಯಿರಿ. ಕಣ್ಣಿಗೆ ಬಿದ್ದರೆ ತೊಳೆಯುತ್ತಲೇ ಆಸ್ಪತ್ರೆಗೆ ಕರೆ ಮಾಡಿಸಿ.

ಕರಗಿದ ಕೊಬ್ಬೂ ಕ್ಷಾರದ ನೀರೂ 40ರಿಂದ 45 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಕೂಡಿಸಿ. ದನದ ನೆಣವಾದರೆ 50ರ ಸುಮಾರು. ಹ್ಯಾಂಡ್ ಬ್ಲೆಂಡರ್‌ನಲ್ಲಿ ಬಿಟ್ಟು ಬಿಟ್ಟು ತಿರುಗಿಸಿದರೆ ಕೆಲವೇ ನಿಮಿಷದಲ್ಲಿ ನೀರು ದೋಸೆ ಹಿಟ್ಟಿನ ಹದ. ಸೌಟಿನಿಂದ ಬಿಟ್ಟ ಎಳೆ ಮುಳುಗದೆ ಮೇಲೆ ಗೆರೆಯಾಗಿ ನಿಂತರೆ ಅಚ್ಚಿಗೆ ಹೊಯ್ಯಬಹುದು. ಚಳಿ ನಾಡಿನ ಮೋಸ ಇಲ್ಲೇ ಆಗುವುದು. ಜನವರಿಯಲ್ಲಿ ತಣ್ಣನೆ ಪಾತ್ರೆಗೆ ಸುರಿದರೆ ನೆಣ ಸೋಪಾಗದೆಯೇ ಹೆಪ್ಪುಗಟ್ಟುತ್ತದೆ, ಹದ ಬಂತೆಂದು ಹೊಯ್ಯುತ್ತೀರಿ, ಬೆಳಗ್ಗೆ ಮೇಲೆ ಎಣ್ಣೆ, ಕೆಳಗೆ ಕ್ಷಾರದ ನೀರು. ಅನುಮಾನವಿದ್ದರೆ ಪಾತ್ರೆಯನ್ನು ತುಸು ಬಿಸಿಮಾಡಿ ನೋಡಿ: ಮತ್ತೆ ತಿಳಿಯಾದರೆ ಅದು ಸುಳ್ಳು ಹದ. ಊರಿನ ಮೋಸ ಇದರ ಉಲ್ಟಾ. ಬರೀ ತೆಂಗಿನೆಣ್ಣೆ ಸೋಪು ಸೆಖೆಯಲ್ಲಿ ತಾನೇ ಕಾದು ಬೇಗ ಗಟ್ಟಿಯಾಗುತ್ತದೆ. ಮರುದಿನ ಕತ್ತರಿಸೋಣ ಅಂದರೆ ಸುಣ್ಣದ ಕಲ್ಲಿನಂತೆ ಉದುರುತ್ತದೆ, ಬಿಸಿಯಾರುವ ಮುಂಚೆಯೇ ಅದೇ ದಿನ ಚಾಕು ಹಾಕಬೇಕು. ಲಾರ್ಡ್ ಸೋಪಿಗೆ ಒಂದೆರಡು ದಿನ ಬೇಕು.

ಒಣಗಿಸುವುದು ನಾಲ್ಕರಿಂದ ಆರು ವಾರ. ಮಿನ್ನೆಸೋಟದ ಚಳಿಗಾಲದಲ್ಲಿ ಹೀಟರ್ ಗಾಳಿ ಎಷ್ಟು ಒಣಗಿರುತ್ತದೆಂದರೆ ಕಪಾಟಿನ ಮೇಲೆ ಸಾಲಾಗಿಟ್ಟರೆ ಸಾಕು. ಜುಲೈ ತಿಂಗಳ ಮಂಗಳೂರಿನಲ್ಲಿ ಸೋಪಿನೊಳಗಿನ ಗ್ಲಿಸರಿನ್ ಗಾಳಿಯ ತೇವ ಎಳೆದುಕೊಂಡು ಬಿಲ್ಲೆ ಬೆವರುತ್ತದೆ, ಸೋಪು ಕೆಟ್ಟಿತೆಂದು ಎಸೆಯಬೇಡಿ. ಅಲ್ಲಿನ ಇನ್ನೊಂದು ತೊಡಕೆಂದರೆ ಮಳೆಗಾಲದಲ್ಲಿ ಕಟ್ಟು ಬಿಚ್ಚಿಟ್ಟ ಕಾಸ್ಟಿಕ್ಕೇ ನೀರು ಕುಡಿದಿರುತ್ತದೆ, 143 ಗ್ರಾಂ ತೂಗಿದರೂ ಅಷ್ಟು ಬಲವಿರುವುದಿಲ್ಲ. ಬಿಲ್ಲೆಯ ಮೇಲೆ ಬಿಳಿ ಪುಡಿ ಕೂತರೆ ಅದು ಕಾಸ್ಟಿಕ್ ಅಲ್ಲ, ವಾಷಿಂಗ್ ಸೋಡಾ, ಒರೆಸಿದರೆ ಹೋಗುತ್ತದೆ. ಕಿತ್ತಳೆ ಚುಕ್ಕೆ ಕಂಡರೆ ಮಾತ್ರ ಕೊಬ್ಬು ಕಮಟಾಗಿದೆ. ಸರಿಯಾಗಿ ಶುದ್ಧಮಾಡದ ಅಥವಾ ಹಳೇ ನೆಣದ ಗುರುತು ಅದು.

ಬೂದಿ ನೀರಿನಿಂದಲೇ ಮಾಡಬೇಕೆಂಬ ಹಟದವರು ಎರಡೂ ಕಡೆ ಇದ್ದಾರೆ. ಇಲ್ಲಿನ ಹಳಬರು ಓಕ್ ಮರದ ಬೂದಿಗೆ ನೀರು ಜಿನುಗಿಸಿ, ತಿಳಿಯಲ್ಲಿ ಕೋಳಿಮೊಟ್ಟೆ ತೇಲಿಸಿ ಗಾಢತೆ ನೋಡುತ್ತಿದ್ದರು. ನಮ್ಮ ಮಡಿವಾಳರ ಉಬ್ಬೆಯೂ ಚೌಳು ಮಣ್ಣಿನ ಕ್ಷಾರದ ಮೇಲೆಯೇ ನಿಂತಿತ್ತು, ಆದರೆ ಅವರು ಅದನ್ನು ಎಣ್ಣೆಗೆ ಕೂಡಿಸದೆ ನೇರ ಬಟ್ಟೆಯ ಕೊಳೆಗೇ ಬಿಟ್ಟರು. ಬೂದಿ ನೀರಿನಲ್ಲಿ ಕರಗಿರುವ ಕ್ಷಾರ ಬಹುಪಾಲು ಪೊಟ್ಯಾಶಿಯಂ ಕಾರ್ಬೊನೇಟ್. ಸುಣ್ಣ ಕೂಡಿಸಿದರೆ ಬಲ ಬರುತ್ತದೆ. ಆದರೂ ಆಗುವುದು ಲೇಹದಂಥ ಮೆತ್ತನೆ ಸೋಪು, ಗಟ್ಟಿಯಾಗಬೇಕಾದರೆ ಉಪ್ಪು ಹಾಕಿ ಮತ್ತೆ ಬೇಯಿಸಬೇಕು. ಮೊಟ್ಟೆ ತೇಲಿದ್ದನ್ನು ನೋಡಿ ಮೈಗೆ ಹಚ್ಚುವ ಸೋಪು ಮಾಡುವುದು ಬೇಡ ಅನ್ನುತ್ತೇನೆ.

ತಲೆಗೆ ಮಾತ್ರ ನಾನು ಪೂರ್ತಿ ಊರಿನ ಪಕ್ಷ. ಕೋಲಾರದ ಬೋರ್‌ವೆಲ್ ನೀರಿನಂತೆ ಇಲ್ಲಿನ ಅನೇಕ ಊರುಗಳ ನೀರೂ ಗಡಸು. ಸೋಪು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಬೂದು ಗಸಿಯಾಗಿ ಕೂದಲಿಗೆ ಮೆತ್ತಿಕೊಳ್ಳುತ್ತದೆ. ಸೀಗೆಯ, ಅಂಟುವಾಳದ ನೊರೆಗೆ ಆ ತಾಪತ್ರಯವಿಲ್ಲ, ಎಣ್ಣೆಸ್ನಾನದ ಜಿಡ್ಡೂ ಹೋಗುತ್ತದೆ. ಮೈ ಸೋಪಿನಲ್ಲಿ ಗಸಿ ಕಡಿಮೆಯಾಗಬೇಕಾದರೆ ಕೆ.ಜಿ. ಕೊಬ್ಬಿಗೆ 10 ಗ್ರಾಂ ಸಿಟ್ರಿಕ್ ಆಮ್ಲವನ್ನು ಮೊದಲು ನೀರಲ್ಲಿ ಕರಗಿಸಿ. ಅದು ನುಂಗುವ 6 ಗ್ರಾಂ ಕಾಸ್ಟಿಕ್ಕನ್ನು ಲೆಕ್ಕಕ್ಕೆ ಸೇರಿಸಿ.

ಕೊನೆಯದು, ಕೊಡುವ ವಿಚಾರ. ಯುಗಾದಿಗೋ ರಾಜ್ಯೋತ್ಸವಕ್ಕೋ ಕನ್ನಡ ಕೂಟದಲ್ಲಿ ಮನೆ ಸೋಪು ಹಂಚುವವರು ಹೆಚ್ಚುತ್ತಿದ್ದಾರೆ. ಇಲ್ಲಿನ ಅಂಗಡಿ ಸೋಪಿನ ಮೇಲೆ ‘ಸೋಡಿಯಂ ಟ್ಯಾಲೊವೇಟ್’ ಎಂದಿದ್ದರೆ ಅದು ಸಾಮಾನ್ಯವಾಗಿ ದನದ ನೆಣದ್ದೆಂದು ಎಷ್ಟು ಮನೆಗಳಿಗೆ ಗೊತ್ತು? 1983ರಲ್ಲಿ ವನಸ್ಪತಿಗೆ ದನದ ಕೊಬ್ಬು ಬೆರೆಸಿದ ಸುದ್ದಿಗೆ ಇಡೀ ದೇಶ ಹೇಗೆ ಕೆರಳಿತ್ತೆಂಬುದನ್ನು ಹಿರಿಯರನ್ನು ಕೇಳಿ. ರಸಾಯನಶಾಸ್ತ್ರದ ಹೆಸರು ಬೇಡ; ಚೀಟಿಯಲ್ಲಿ ‘ಹಂದಿ ನೆಣ 70, ತೆಂಗಿನೆಣ್ಣೆ 25, ಹರಳೆಣ್ಣೆ 5’ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದಪ್ಪಕ್ಷರದಲ್ಲಿ ಬರೆಯಿರಿ. ಸಸ್ಯಾಹಾರಿಗಳಿಗೆ ಬೇರೆ ಮಾಡುವುದಾದರೆ ಅಚ್ಚು, ಸೌಟು, ಬ್ಲೆಂಡರ್ ಎಲ್ಲ ಬೇರೆಯಿರಲಿ, ಒಣಗಿಸುವ ಹಲಗೆ ಕೂಡ.